ಹಾಸಿಗೆ ಹಾಸಿಟ್ಟು ಹೋದ ಕಳ್ಳ

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಇಲೊಯಿಲೊ ಎಂಬ ಬಂದರು ನಗರದ ಮೊಲೊ ಠಾಣೆಗೆ ಟಿಯೊಡುಲೊ ಬಾರೆಡೊ ಎಂಬವನು ಹೆಂಡತಿ ಪುರಿತಾಳನ್ನು ಕರೆದುಕೊಂಡು ಬಂದು ಮನೆಗಳವಿನ ದೂರು ಕೊಟ್ಟ. ವಿಹಾರದ ಹಡಗುಗಳಿಗೆ ಕೆಲಸದವರನ್ನು ಕಳಿಸುವ ಏಜೆಂಟ್ ಆತ. ಊರಿನಲ್ಲಿ ಮನೆಗೊಬ್ಬರಂತೆ ಹಡಗಿನ ಮೇಲೆ ತಟ್ಟೆ ಹೊತ್ತೋ ಹಾಸಿಗೆ ಹಾಸಿಯೋ ದುಡಿಯುವವರಿರುವಾಗ, ಬಾರೆಡೊಗೆ ಸಲಾಮು ಹೊಡೆಯದ ಮನೆ ಬಲು ಕಡಿಮೆ. ಇನ್‌ಸ್ಪೆಕ್ಟರ್ ರೊವೆನಾ ಪಾಲ್ಮಾರೆಸ್ ಸಲಾಮು ಹೊಡೆಯಲಿಲ್ಲ, ಕುರ್ಚಿ ತೋರಿಸಿದಳು.

"ಏನು ಹೋಗಿದೆ?"

"ಒಂದು ಕವರು. ಡಾಲರ್ ಇತ್ತು. ಮೂರು ಸಾವಿರದ ಚಿಲ್ಲರೆ."

"ಯಾರ ದುಡ್ಡು?"

"ನನ್ನದೇ. ಇನ್ಯಾರದು?"

"ಯಾವಾಗ ಹೋಯ್ತು?"

"ನಿನ್ನೆ. ಚರ್ಚಿಗೆ ಹೋಗಿ, ಅಲ್ಲಿಂದ ಇವಳ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ವಿ. ಸಾಯಂಕಾಲ ಬಂದು ಬೀರು ತೆಗೆದ್ರೆ ಕವರಿಲ್ಲ."

"ಬೇರೆ ಏನು ಹೋಗಿದೆ?"

ಬಾರೆಡೊ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಉತ್ತರ ಬಂದದ್ದು ಪುರಿತಾಳಿಂದ. "ಅದೇ ಮೇಡಂ ಆಶ್ಚರ್ಯ! ನನ್ನ ಬಳೆ ಅದೇ ಬೀರುವಿನಲ್ಲಿತ್ತು, ಮುಟ್ಟಿಲ್ಲ. ಪೆಸೊ ನೋಟಿನ ಕಟ್ಟು ಪಕ್ಕದಲ್ಲೇ ಇತ್ತು, ಮುಟ್ಟಿಲ್ಲ. ನಾವು ಬಿಟ್ಟು ಹೋಗಿದ್ದಕ್ಕಿಂತ ಮನೆ ಚೊಕ್ಕವಾಗಿತ್ತು. ಇಂಥ ಕಳ್ಳ ವಾರಕ್ಕೊಂದ್ಸಲ ಬಂದ್ರೂ ಬೇಡ ಅನ್ನಲ್ಲ ನಾನು."

"ಬಾಯಿ ಮುಚ್ಚೇ," ಎಂದ ಬಾರೆಡೊ.

ರೊವೆನಾ ಎಫ್‌ಐಆರ್ ದಾಖಲಿಸಿದಳು. ಬೆಳಿಗ್ಗೆ ಹತ್ತು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ದಾದೊನನ್ನು ಕರೆದುಕೊಂಡು ಬಾರೆಡೊನ ಮನೆಗೆ ಹೋಗಿ, ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರುಮಾಡಿದಳು. ಕಳ್ಳ ಬಂದದ್ದು ಅಡುಗೆಮನೆಯ ಕಿಟಕಿಯಿಂದ. ಸೊಳ್ಳೆ ಪರದೆಯನ್ನು ಹರಿಯದೆ, ಬಿಚ್ಚಿ, ಹೋಗುವಾಗ ಮತ್ತೆ ಸಿಕ್ಕಿಸಿ ಹೋಗಿದ್ದ. ಬೀರುವಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಎಲ್ಲಿರುತ್ತದೆ ಎಂದು ಕೇಳಿದ್ದಕ್ಕೆ ಪುರಿತಾ ನಾಚಿಕೊಂಡು ಹಾಸಿಗೆಯ ಕಡೆ ತೋರಿಸಿದಳು. ಊರಿನ ಎಲ್ಲ ಹೆಂಗಸರ ಹಾಗೆ ಆಕೆಯೂ ಅದನ್ನು ಹಾಸಿಗೆಯ ಅಡಿಯಲ್ಲೇ ಇಡುತ್ತಿದ್ದಳು.

"ಈ ಹಾಸಿಗೆ ನೀವು ಹಾಸಿದ್ದಾ?" ರೊವೆನಾ ಕೇಳಿದಳು.

"ಅಯ್ಯೋ ಇಲ್ಲಪ್ಪ. ನಿನ್ನೆ ಎದ್ದವರು ಹಾಗೇ ಹೊದಿಕೆ ಒದ್ದು ಹೋಗಿದ್ವಿ. ರಾತ್ರಿ ಇದರ ಮೇಲೆ ಮಲಗೋಕೂ ಮನಸ್ಸಾಗದೆ ಚಾಪೆ ಹಾಸ್ಕೊಂಡ್ವಿ. ನಮ್ಮ ಮದುವೆಯ ದಿನವೂ ಇದು ಇಷ್ಟು ನೆಟ್ಟಗಿರಲಿಲ್ಲ."

ಬಿಳಿ ಹೊದಿಕೆಯ ಮೇಲೆ ಒಂದು ಸುಕ್ಕಿರಲಿಲ್ಲ. ನಾಲ್ಕು ಮೂಲೆಗಳನ್ನೂ ಓರೆಯಾಗಿ ಮಡಚಿ ಹಾಸಿಗೆಯ ಕೆಳಗೆ ಬಿಗಿಯಾಗಿ ಸೇರಿಸಿತ್ತು. ದಿಂಬುಗಳನ್ನು ತಟ್ಟಿ ನಿಲ್ಲಿಸಿತ್ತು. ಅಷ್ಟರಲ್ಲಿ ಒಳಗಿನ ಬಚ್ಚಲುಮನೆ ನೋಡಲು ಹೋಗಿದ್ದ ದಾದೊ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೊರಗೆ ಬಂದ.

"ಮೇಡಂ, ಬನ್ನಿ ನೋಡಿ. ಪಾಪ, ಕಳ್ಳನಿಗೆ ಭಯಕ್ಕೆ ಹೊಟ್ಟೆ ಕೆಟ್ಟಿರಬೇಕು. ಬಂದ ಕೆಲಸ ಮುಗಿಸಿ, ಟಾಯ್ಲೆಟ್ ಪೇಪರಿನ ತುದೀನ ತ್ರಿಕೋನ ಮಡಚಿಟ್ಟು ಹೋಗಿದಾನೆ!"

"ಅದರಲ್ಲಿ ನಗೋದೇನಿದೆ ದಾದಣ್ಣ?"

"ನನ್ನ ಹೆಂಡ್ತಿ ಆರು ವರ್ಷ ಹಡಗಿನ ಮೇಲೆ ಕೋಣೆ ನೋಡ್ಕೊಂಡಿದ್ಲಲ್ಲ, ಇವತ್ತಿಗೂ ಅದನ್ನ ಮಡಚದೆ ಹೊರಗೆ ಬರಲ್ಲ. ನಾನು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಚಪ್ಪಲಿ ಹುಡುಕೋದ್ರೊಳಗೆ ಹಾಸಿಗೆ ಹೀಗೇ ಕಲ್ಲಿನ ಹಾಗೆ ಕೂತಿರುತ್ತೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ. ಬೀಗದ ಕೈಗೆ ಅಂತ ಹಾಸಿಗೆ ಎತ್ತಿದಾನೆ, ಆಮೇಲೆ ಅದನ್ನ ಹಾಗೇ ಬಿಟ್ಟು ಹೋಗೋಕೆ ಅವನ ಕೈ ಒಪ್ಪಿಲ್ಲ. ಇವನು ಹಡಗಿನವನೇ ಮೇಡಂ. ಕೋಣೆ ಕೆಲಸದವನೇ."

ಪಂಚರಿಬ್ಬರೂ ತಲೆಯಾಡಿಸಿದರು. ರೊವೆನಾ ಬಾರೆಡೊನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಇಲ್ಲಿ ಕಳ್ಳನ ಜಾಡು ಸಿಕ್ಕಿತು ಎಂದ ಕೂಡಲೇ ದೂರು ಕೊಟ್ಟವನ ಮುಖ ಬಿಳುಚಿಕೊಂಡಿತ್ತು.

"ನೀವು ಕಳಿಸಿದವರಲ್ಲಿ ಈಗ ರಜೆಗೆ ಬಂದೋರು ಯಾರ್ಯಾರು?" ಎಂದು ಕೇಳಿದಳು.

"ನೂರಾರು ಜನ ಹೋಗ್ತಾರೆ, ಬರ್ತಾರೆ. ನನಗೆಲ್ಲಿ ನೆನಪಿರುತ್ತೆ?"

ಅವನಿಗೆ ನೆನಪಿಲ್ಲದ್ದು ಅಂಪಾರೊಗೆ ನೆನಪಿತ್ತು. ಮೊಲೊ ಚೌಕದ ಮೂಲೆಯಲ್ಲಿ ಅವಳದೊಂದು ಬಾಚೊಯ್ ಅಂಗಡಿ. ರಜೆಗೆ ಬಂದ ಹಡಗಿನವರೆಲ್ಲ ಬಿಸಿ ಸಾರು ಶಾವಿಗೆಗೆ ಮೊದಲು ಕೂರುವುದು ಅಲ್ಲಿ. ಹನ್ನೆರಡು ಗಂಟೆಗೆ ರೊವೆನಾ, ದಾದೊ ಇಬ್ಬರೂ ಅಲ್ಲಿಗೆ ಹೋಗಿ ಬಟ್ಟಲು ತರಿಸಿಕೊಂಡು ಕೂತರು.

"ವ್ಯಾಪಾರ ಹೇಗಿದೆ ಅಕ್ಕಾ?" ಎಂದ ದಾದೊ.

"ಏನು ವ್ಯಾಪಾರವೋ! ಮೊದಲೆಲ್ಲ ಹಡಗಿಂದ ಬಂದೋರು ಇಡೀ ಬೀದಿಗೆ ಉಣಿಸ್ತಿದ್ರು. ಈಗ ನೋಡು, ಆ ಮಿನ್ಯೊ ಕತಾಲ್ಬಾಸ್ ಬಂದು ಎರಡು ವಾರ ಆಯ್ತು. ಹದಿನಾಲ್ಕು ವರ್ಷದಿಂದ ಹಡಗಲ್ಲಿರೋನು. ಒಬ್ಬನಿಗೆ ಒಂದು ಬಟ್ಟಲು ಕೊಡಿಸಿಲ್ಲ! ಕೇಳಿದ್ರೆ, 'ಈ ಸಲದ ಟಿಪ್ಸು ಬೇರೆ ಕಡೆ ಹೋಯ್ತು ಅಕ್ಕಾ' ಅಂದ. ಜೂಜೇನೋ, ಹೆಣ್ಣೇನೋ ಅಂದ್ಕೊಂಡೆ. ಥೂ ನನ್ನ ನಾಲಿಗೆಗೆ. ಅಷ್ಟೂ ರೊಮೆಲ್‌ಗೆ ಕೊಟ್ಟಿದಾನಂತೆ."

"ಯಾವ ರೊಮೆಲ್?"

"ವಿಲ್ಯಾ ಕಡೆಯ ರೊಮೆಲ್ ಡೆಮೈಸಿಪ್. ಮಿನ್ಯೊ ಜೊತೇಲೇ ಕೋಣೆ ಕೆಲಸ ಮಾಡ್ತಿದ್ದ. ಹಾಸಿಗೆ ಎತ್ತುವಾಗ ಬೆನ್ನಿನ ಮೂಳೆ ಜಾರಿ ಮನೇಲಿ ಬಿದ್ದಿದಾನೆ. ಗುರುವಾರ ಆಪರೇಷನ್ ಆಗ್ಲಿಲ್ಲ ಅಂದ್ರೆ ಮತ್ತೆ ಎದ್ದು ಓಡಾಡಲ್ಲ ಅಂದಿದಾರೆ ಡಾಕ್ಟ್ರು. ಅದಕ್ಕೇ ಮಿನ್ಯೊ ದಿನಾ ಬಾರೆಡೊ ಮನೆ ಬಾಗಿಲು ತಟ್ಟಿ ತಟ್ಟಿ..." ಅಂಪಾರೊ ಥಟ್ಟನೆ ನಾಲಿಗೆ ಕಚ್ಚಿಕೊಂಡಳು. ಪೊಲೀಸರು ಬಾಚೊಯ್ ತಿನ್ನಲಷ್ಟೇ ಬಂದವರಲ್ಲ ಎಂದು ಆಗ ಹೊಳೆಯಿತು. "ನಾನೇನೂ ಹೇಳ್ಲಿಲ್ಲ ಮೇಡಂ. ಆ ಹುಡುಗ ಚಿನ್ನ."

ವಿಲ್ಯಾದಲ್ಲಿ ಸಮುದ್ರದ ದಂಡೆಗೆ ಹತ್ತಿರದ ತಗಡಿನ ಮನೆ. ಜೀಪು ನಿಂತಾಗ ಒಂದೂವರೆ. ಬಿದಿರಿನ ಮಂಚದ ಮೇಲೆ ರೊಮೆಲ್ ಬೋರಲಾಗಿ ಮಲಗಿ ಮುಖವನ್ನು ಹೊರಗೆ ಚಾಚಿದ್ದ. ನಡುವಯಸ್ಸಿನ ತೆಳ್ಳಗಿನ ಒಬ್ಬ ಮೊಣಕಾಲೂರಿ ಕುಳಿತು ಅವನಿಗೆ ಕ್ಷೌರ ಮಾಡುತ್ತಿದ್ದ. ಸಮವಸ್ತ್ರ ನೋಡಿ ಅವನ ಕೈ ನಿಂತಿತು.

"ಮಿನ್ಯೊ ಕತಾಲ್ಬಾಸ್?"

"ಹೌದು ಮೇಡಂ. ಬರ್ತೀರಿ ಅಂತ ಗೊತ್ತಿತ್ತು, ಇಷ್ಟು ಬೇಗ ಅಂದ್ಕೊಂಡಿರಲಿಲ್ಲ. ಒಂದು ಕೆನ್ನೆ ಬಾಕಿ ಇದೆ. ಮುಗಿಸಿಬಿಡ್ಲಾ?"

ಓಡುವವನ ಲಕ್ಷಣ ಅವನಲ್ಲಿ ಎಳ್ಳಷ್ಟೂ ಇರಲಿಲ್ಲ. "ಮುಗಿಸು," ಎಂದಳು ರೊವೆನಾ. ದಾದೊ ಬಾಗಿಲಲ್ಲಿ ನಿಂತ. ಮಿನ್ಯೊ ನಿಧಾನವಾಗಿ ಇನ್ನೊಂದು ಕೆನ್ನೆ ಮುಗಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿ, ಕತ್ತಿಯನ್ನು ತೊಳೆದಿಟ್ಟ.

"ಬಾರೆಡೊ ಮನೆಯಿಂದ ಕವರ್ ತಂದೋನು ನೀನೇನಾ?"

"ನಾನೇ."

ಅಡುಗೆಮನೆಯಿಂದ ರೊಮೆಲ್‌ನ ಹೆಂಡತಿ ನೆನಿತಾ ಹೊರಗೆ ಬಂದಳು. "ತಂದೋನು ಅಂದ್ರೆ? ಬಾರೆಡೊನೇ ಕೊಟ್ಟು ಕಳಿಸಿದ ಅಂದ್ಯಲ್ಲ ಅಣ್ಣಾ?"

ಮಿನ್ಯೊ ನೆಲ ನೋಡಿದ. ಮಂಚದ ಮೇಲಿನಿಂದ ರೊಮೆಲ್ ನಿಟ್ಟುಸಿರು ಬಿಟ್ಟ. "ಕದ್ಯಾ? ಅಯ್ಯೋ ಮಂಕೇ!"

"ಹಣ ಎಲ್ಲಿ?" ರೊವೆನಾ ಕೇಳಿದಳು.

"ಬೆಳಿಗ್ಗೇನೇ ಆಸ್ಪತ್ರೆಗೆ ಕಟ್ಟಿಬಂದೆ ಮೇಡಂ," ಎಂದಳು ನೆನಿತಾ. "ವಾಪಸ್ ತಗೊಂಡು ಹೋಗ್ತೀರಾ?"

ಕದ್ದ ಮಾಲು ಎಲ್ಲಿದ್ದರೂ ವಶಪಡಿಸಿಕೊಳ್ಳಬೇಕು ಎನ್ನುತ್ತದೆ ಕಾನೂನು. ಗುರುವಾರಕ್ಕೆ ಮೂರು ದಿನ ಬಾಕಿ. ರೊವೆನಾ ಹಣ ತೆಗೆದಿಟ್ಟಿದ್ದ ಕವರನ್ನು ತರಿಸಿ ನೋಡಿದಳು. ಹಡಗಿನ ಪ್ರಯಾಣಿಕರು ಕೊನೆಯ ಸಂಜೆ ಟಿಪ್ಸ್ ಹಾಕಿ ಕೊಡುವಂಥ ಪುಟ್ಟ ಪುಟ್ಟ ಲಕೋಟೆಗಳು, ಈಗ ಖಾಲಿಯಾದವು, ಅದರ ತುಂಬ ಇದ್ದವು. ದೊಡ್ಡ ಕವರಿನ ಮೇಲೆ, 'ರೊಮೆಲ್‌ಗೆ. ಬೇಗ ಎದ್ದು ಬಾ, ನಿನ್ನ ಕೋಣೆ ಉಜ್ಜಿ ಸಾಕಾಯ್ತು' ಎಂದು ಬರೆದಿತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲ.

"ಇದೇನಿದು ರೊಮೆಲ್?"

"ನನ್ನ ಪಾಲಿನ ಟಿಪ್ಸು ಮೇಡಂ. ನಾನು ಬಿದ್ದ ಮೇಲೆ ನನ್ನ ಕೋಣೆಗಳನ್ನ ಹುಡುಗ್ರು ಹಂಚ್ಕೊಂಡ್ರು. ತಮ್ಮದು ಮುಗಿಸಿ, ಸೊಂಟ ನೆಟ್ಟಗಾಗೋ ಮೊದಲೇ ನನ್ನದು. ಅಲ್ಲಿ ಬಂದ ಟಿಪ್ಸಲ್ಲಿ ಒಬ್ಬನೂ ಒಂದು ಕಾಸು ಮುಟ್ಟಿಲ್ಲ. ಮಿನ್ಯೊ ಅಂತೂ ತನ್ನದನ್ನೂ ಅದಕ್ಕೇ ಸೇರಿಸಿದಾನೆ. ಯಾರು ಬಿದ್ರೂ ನಮ್ಮಲ್ಲಿ ಹೀಗೇ."

"ಸಂಬಳ ಬರಲ್ವಾ?"

ರೊಮೆಲ್ ಮಲಗಿದ್ದಲ್ಲೇ ನಕ್ಕ. "ಸಂಬಳ ಉಪ್ಪಿಗೆ ಮೇಡಂ, ಟಿಪ್ಸು ಅನ್ನಕ್ಕೆ. ಅದರಲ್ಲೂ ಕೆಲವು ಪುಣ್ಯಾತ್ಮರು ವಾರವಿಡೀ ನಮ್ಮ ಕೈಲಿ ಟವೆಲ್ ಮಡಚಿಸಿ ಆನೆ, ಮೊಲ ಮಾಡಿಸ್ಕೊಂಡು, ಕೊನೇ ದಿನ ಕೌಂಟರಿಗೆ ಹೋಗಿ ಬಿಲ್ಲಿಂದ ಟಿಪ್ಸು ತೆಗೆಸಿಬಿಡ್ತಾರೆ. ಅಂಥದ್ರಲ್ಲಿ ಉಳಿಸಿದ ದುಡ್ಡು ಅದು. ಮನಿಲಾದಲ್ಲಿ ಬಾರೆಡೊ ಹಡಗಿಗೆ ಬಂದಿದ್ದ, ಮನೆಗೆ ಮುಟ್ಟಿಸು ಅಂತ ಅವನ ಕೈಲಿ ಕೊಟ್ಟಿದ್ರಂತೆ. ಎರಡು ತಿಂಗಳಾಯ್ತು. ದೇವರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲ."

ರೊವೆನಾ ಲಕೋಟೆಗಳನ್ನು ಒಂದೊಂದಾಗಿ ಕವರಿಗೆ ಸೇರಿಸಿದಳು. ತನ್ನ ಠಾಣೆಯಲ್ಲಿ ಒಬ್ಬ ಪೇದೆ ರಜೆ ಹಾಕಿದರೆ ಅವನ ಪಾಳಿ ಯಾರ ತಲೆಗೆ ಎಂದು ದಿನವಿಡೀ ಜಗಳವಾಗುತ್ತಿತ್ತು. ಇವರು ಎಂಥ ಜನರಪ್ಪಾ ಎಂದುಕೊಂಡಳು. ಆದರೂ ಮಧ್ಯಾಹ್ನ ಎರಡು ಗಂಟೆಗೆ ಮಿನ್ಯೊನನ್ನು ಬಂಧಿಸಿ ಜೀಪು ಹತ್ತಿಸಿದಳು. ನೆನಿತಾಳಿಗೂ ಠಾಣೆಗೆ ಬರಲು ಹೇಳಿದಳು.

ಮೂರೂವರೆಗೆ ಬಾರೆಡೊ ಬಂದ. ಕಳ್ಳ ಸಿಕ್ಕ ಎಂದು ಕೇಳಿ ಅವನ ಮುಖಕ್ಕೆ ಕಳೆ ಬಂದಿತ್ತು. ರೊವೆನಾ ಕವರನ್ನು ಮೇಜಿನ ಮೇಲಿಟ್ಟಳು.

"ಇದೇನಾ ನಿಮ್ಮ ಕವರು?"

"ಇದೇ. ದುಡ್ಡೆಲ್ಲಿ?"

"ಆಸ್ಪತ್ರೇಲಿದೆ. ತರಿಸ್ತೀನಿ. ಅದಕ್ಕೆ ಮೊದಲು ಒಂದು ಮಾತು. ನಿಮ್ಮ ದುಡ್ಡಿನ ಕವರಿನ ಮೇಲೆ ರೊಮೆಲ್ ಹೆಸರು ಯಾಕಿದೆ?"

"ಅದು... ಹಡಗಿನವರು ಕೊಟ್ಟಿದ್ದು."

"ನಿಮಗೆ ಟಿಪ್ಸ್ ಕೊಟ್ರಾ? ನೀವು ಯಾವ ಕೋಣೆ ಉಜ್ಜಿದ್ರಿ?"

ಬಾಗಿಲ ಬಳಿ ನಿಂತಿದ್ದ ದಾದೊ ಕೆಮ್ಮು ಬಂದವನ ಹಾಗೆ ಅತ್ತ ತಿರುಗಿಕೊಂಡ.

"ರೊಮೆಲ್‌ಗೆ ಅಂತಾನೇ ಕೊಟ್ಟಿದ್ದು ಮೇಡಂ. ನಾನೇನು ನುಂಗಿಬಿಟ್ನಾ? ಅವನು ಒಪ್ಪಂದ ಮುಗಿಯೋಕ್ಮುಂಚೆ ಬಂದ. ವಿಮಾನದ ಖರ್ಚು, ನನ್ನ ಕಮಿಷನ್ನು ಎಲ್ಲ ಮುರ್ಕೊಂಡು ಉಳಿದಿದ್ದು ಕೊಡ್ತಿದ್ದೆ."

"ಅಂದ್ರೆ ಹಣ ರೊಮೆಲ್‌ದು."

"ಒಂದು ಲೆಕ್ಕದಲ್ಲಿ..."

"ಲೆಕ್ಕ ಬೇಡ. ನಿಮ್ಮದೋ, ರೊಮೆಲ್‌ದೋ?"

ಗೋಡೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬಾರೆಡೊನ ಅಂಗಿ ಬೆನ್ನಿಗೆ ಅಂಟಿತ್ತು.

"ರೊಮೆಲ್‌ದು."

ದಾದೊ ಅದನ್ನು ಹಾಗೇ ಬರೆದುಕೊಂಡು ಸಹಿ ಹಾಕಿಸಿಕೊಂಡ. ರೊವೆನಾ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನೆನಿತಾಳನ್ನು ಒಳಗೆ ಕರೆದಳು. "ಇವರು ನಿಮ್ಮ ಗಂಡನ ಹಣವನ್ನ ಎರಡು ತಿಂಗಳು ಇಟ್ಕೊಂಡಿದ್ರು ಅಂತ ಅವರೇ ಒಪ್ಕೊಂಡಿದಾರೆ. ನೀವು ದೂರು ಕೊಡ್ತೀರಾ?"

ನೆನಿತಾ ಬಾರೆಡೊನ ಕಡೆ ನೋಡಿದಳು. ಮದುವೆಯಾದಂದಿನಿಂದ ಕ್ರಿಸ್‌ಮಸ್ಸಿಗೆ ಅವನ ಮನೆಗೆ ಹಂದಿಯ ತೊಡೆ ಕೊಟ್ಟು, ಕೈಮುಗಿದು ಬಂದವಳು ಆಕೆ.

"ಕೊಡ್ತೀನಿ. ನಾನೇನು ಹಡಗು ಹತ್ತೋಳಲ್ಲ, ನನ್ನ ಗಂಡನೂ ಇನ್ನು ಹತ್ತಲ್ಲ. ಈ ಮನುಷ್ಯ ನಮ್ಮನ್ನ ಇನ್ನೇನು ಮಾಡ್ತಾನೆ? ಬರ್ಕೊಳ್ಳಿ ಮೇಡಂ."

ಸಂಜೆ ಐದಕ್ಕೆ ನಂಬಿಕೆದ್ರೋಹದ ಆರೋಪದ ಮೇಲೆ ಟಿಯೊಡುಲೊ ಬಾರೆಡೊನನ್ನು ಬಂಧಿಸಲಾಯಿತು. ಹಣ ಅದರ ಯಜಮಾನನಿಗೇ ತಲುಪಿರುವುದರಿಂದ ವಶಪಡಿಸಿಕೊಳ್ಳುವ ಅಗತ್ಯವಿಲ್ಲ ಎಂದು ರೊವೆನಾ ಕಡತದಲ್ಲಿ ಬರೆದಳು. ಆಪರೇಷನ್ ಗುರುವಾರವೇ ಎಂದು ಆಸ್ಪತ್ರೆಗೆ ತಾನೇ ಫೋನ್ ಮಾಡಿ ಖಚಿತಪಡಿಸಿಕೊಂಡಳು. ಆ ಫೋನು ಯಾವ ಕಡತಕ್ಕೂ ಸೇರಲಿಲ್ಲ.

ಮಿನ್ಯೊನ ಮೇಲಿನ ಪ್ರಕರಣ ಮಾತ್ರ ಉಳಿಯಿತು. ಹಣ ಯಾರದಾದರೇನು, ಬೇರೆಯವರ ಮನೆಯ ಕಿಟಕಿ ಹಾರಿದ್ದು ಅಪರಾಧವೇ. ಇಪ್ಪತ್ತನೇ ತಾರೀಕು ಅವನು ಮತ್ತೆ ಹಡಗು ಹತ್ತಬೇಕಿತ್ತು. ಪೊಲೀಸ್ ಕೇಸು ಬಿದ್ದವನನ್ನು ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ರೊವೆನಾ ಅವನಿಗೆ ಕಾಫಿ ತರಿಸಿ ಹೇಳಿಕೆ ಬರೆದುಕೊಂಡಳು. ಮುಗಿದ ಮೇಲೆ ಪೆನ್ನು ಕೆಳಗಿಟ್ಟಳು.

"ಇದನ್ನ ಬರ್ಕೊಳ್ಳಲ್ಲ, ಸುಮ್ನೆ ಕೇಳ್ತೀನಿ. ಇವತ್ತು ನೆನಿತಾ ಕೊಟ್ಟ ಹಾಗೆ ನೀನೂ ಬಂದು ದೂರು ಕೊಡಬಹುದಿತ್ತಲ್ಲೋ. ಈ ವಯಸ್ಸಲ್ಲಿ ಕಿಟಕಿ ಯಾಕೆ ಹಾರಿದೆ?"

"ಬಾರೆಡೊ ತಾನಾಗಿ ಬಾಯಿ ಬಿಡ್ತಾನೆ ಅಂತ ನನಗೇನು ಗೊತ್ತು ಮೇಡಂ? ನಾನು ಬಂದಿದ್ರೆ ನೀವು ಮೊದಲು ಏನು ಕೇಳ್ತಿದ್ರಿ?"

"ದುಡ್ಡು ಹಾಕಿದೋರು ಯಾರ್ಯಾರು, ಹೆಸರು ಹೇಳು ಅಂತ."

"ಹ್ಞಾಂ. ನಾನು ಸೇರಿ ಒಂಬತ್ತು ಹೆಸರು. ಏಜೆಂಟಿನ ಮೇಲೆ ಸಾಕ್ಷಿ ಹೇಳಿದೋರಿಗೆ ಈ ಊರಲ್ಲಿ ಮತ್ತೆ ಯಾರು ಕೆಲಸ ಕೊಡ್ತಾರೆ? ಒಂಬತ್ತು ಮನೆ ಒಲೆ ಆರಿಹೋಗ್ತಿತ್ತು." ಅವನು ಕಾಫಿಯ ಲೋಟ ಕೆಳಗಿಟ್ಟ. "ಕಳ್ಳತನಕ್ಕಾದ್ರೆ ಒಂದೇ ಹೆಸರು ಸಾಕು ಮೇಡಂ."

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ರೊವೆನಾ ಪಾಲ್ಮಾರೆಸ್ ಎಷ್ಟೋ ಕಳ್ಳರ ಹೇಳಿಕೆ ಬರೆದುಕೊಂಡಿದ್ದಳು. ತಾನು ಎದ್ದು ನಿಂತು ಸಹಿ ಹಾಕಿಸಿಕೊಂಡದ್ದು ಇವನೊಬ್ಬನ ಕೈಲಿ ಮಾತ್ರ.