ದಾರಿ ಬಿಟ್ಟವನು

ಖಾಲಿ ಹೊಳೆಗೆ ಒಬ್ಬ ಮನುಷ್ಯ ಟೋಪಿ ಎತ್ತಿ ವಂದಿಸುತ್ತಿದ್ದ.

ದಡದ ಸೀಡರ್ ಮರದ ಪಕ್ಕ ಐಲಿ ಹಾಗೇ ನಿಂತುಬಿಟ್ಟಳು. ನೀರಿನಲ್ಲಿ ಯಾರೂ ಇರಲಿಲ್ಲ. ಹಿಮ ಕರಗಿದ ಹೊಳೆ ಕಡು ಚಹಾದ ಬಣ್ಣದಲ್ಲಿ ತಿರುವಿನತ್ತ ಧಾವಿಸುತ್ತಿತ್ತು, ಅಷ್ಟೇ. ಅವನು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ಗಾಳದ ಕೋಲನ್ನು ದಡದ ಬಂಡೆಗೆ ಒರಗಿಸಿದ. ಆಮೇಲೆ ಬರಿಗೈಯಲ್ಲಿ ಸೊಂಟಮಟ್ಟದ ನೀರಿಗಿಳಿದು, ಎರಡೂ ತೋಳು ಚಾಚಿ, ಮೇಲಿನಿಂದ ಯಾರೋ ತೇಲಿ ಬರುತ್ತಾರೆ ಎಂಬಂತೆ ಕಾದು ನಿಂತ.

ಐದು ವರ್ಷದ ಹಿಂದೆ ಇದೇ ಏಪ್ರಿಲ್ ಇಪ್ಪತ್ತೇಳರಂದು ಅವಳ ತಮ್ಮ ಆರ್ವೊನನ್ನು ಹೊಳೆ ಒಯ್ದದ್ದು ಇದೇ ತಿರುವಿನಲ್ಲಿ.

"ಯಾರ್ರೀ ಅದು? ಈಚೆ ಬನ್ನಿ. ಆ ಜಲ್ಲಿಯಲ್ಲಿ ಮೀನು ಮೊಟ್ಟೆ ಇಟ್ಟಿರುತ್ತೆ, ತುಳೀತಾ ಇದೀರ."

ಅವನು ತಿರುಗಿದ. ಅವಳ ಮುಖ ನೋಡಿದ್ದೇ ತಡ, ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಕ್ಷಮಿಸಿ... ಗೊತ್ತಾಗ್ಲಿಲ್ಲ."

"ಗೊತ್ತಿಲ್ಲದೋರು ಹೊಳೆಗೆ ಇಳೀಬಾರ್ದು."

ದನಿ ನಡುಗಿದ್ದು ಸಿಟ್ಟಿಗೋ ಭಯಕ್ಕೋ ಅವಳಿಗೇ ತಿಳಿಯಲಿಲ್ಲ. ಅಜ್ಜಿ ಆರ್ವೊನ ಹೆಸರಿನಲ್ಲಿ ಕೊಟ್ಟು ಕಳಿಸಿದ್ದ ಏಲಕ್ಕಿ ಬ್ರೆಡ್ಡನ್ನು ಬಂಡೆಯ ಮೇಲಿಟ್ಟು ಬಿರಬಿರನೆ ಹೊರಟುಬಿಟ್ಟಳು. ಐದು ವರ್ಷದಲ್ಲಿ ಅವಳು ಆ ತಿರುವಿನ ಹತ್ತಿರ ಬಂದದ್ದು ಅದೇ ಮೊದಲು.

ಮರುದಿನ ಅವನು ಅಂಗಡಿಗೇ ಬಂದ.

ಹೊಳೆ ಸುಪೀರಿಯರ್ ಸರೋವರ ಸೇರುವಲ್ಲಿ ಅಜ್ಜಿ ಮೊಮ್ಮಗಳ ಪುಟ್ಟ ಅಂಗಡಿ. ಹೊಗೆಯಲ್ಲಿ ಒಣಗಿಸಿದ ಮೀನು, ಕಾಫಿ, ಮತ್ತು ಐಲಿ ಗರಿ, ನೂಲು ಸುತ್ತಿ ಹುಳದಂತೆ ಕಟ್ಟುವ ಫ್ಲೈ ಗಾಳಗಳು. ವಸಂತದಲ್ಲಿ ಸ್ಟೀಲ್‌ಹೆಡ್ ಮೀನು ಸರೋವರದಿಂದ ಹೊಳೆ ಹತ್ತುವ ಕೆಲವು ವಾರವೇ ಅವರ ವ್ಯಾಪಾರದ ಕಾಲ.

"ಹೆಸರೇನಪ್ಪಾ?" ಅಜ್ಜಿ ಕೇಳಿದರು. ಊರೆಲ್ಲ ಅವರನ್ನು ಮುಮ್ಮು ಎಂದೇ ಕರೆಯುತ್ತಿತ್ತು.

"ಎಮಿಲ್. ಸರೋವರದ ಆಚೆ ದಡದೋನು. ದೋಣಿ ಮಾಡ್ತೀನಿ."

"ಮದ್ವೆ ಆಗಿದ್ಯಾ?"

"ಮುಮ್ಮು..." ಐಲಿ ಹಲ್ಲು ಕಚ್ಚಿದಳು.

"ಕೇಳಿದ್ರೆ ಏನೀಗ? ಕಾಫಿಗೆ ಸಕ್ಕರೆ ಬೇಕಾ ಅಂತಾನೂ ಕೇಳ್ತೀನಿ."

"ಎರಡೂ ಇಲ್ಲ ಅಜ್ಜಿ," ಎಂದ ಅವನು. ಐಲಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯಾಯಿತು.

ಆಮೇಲೆ ಅವನು ದಿನವೂ ಬಂದ. ಚಳಿಗಾಲದಲ್ಲಿ ಉಬ್ಬಿ ಕಚ್ಚಿಕೊಂಡಿದ್ದ ಅಂಗಡಿಯ ಬಾಗಿಲನ್ನು ಯಾರೂ ಹೇಳದೆ ಅಂಚು ಹೆರೆದು ಸರಿ ಮಾಡಿದ. ಅವಳು ಫ್ಲೈ ಕಟ್ಟುತ್ತಿದ್ದರೆ ಎದುರಿಗೆ ಕೂತು ಅವಳ ಬೆರಳನ್ನೇ ನೋಡುತ್ತಿದ್ದ.

"ಈ ಕಿತ್ತಳೆ ಬಣ್ಣದ್ದಕ್ಕೆ ಹೆಸರಿದ್ಯಾ?"

"ಹೆಸರಿಟ್ರೆ ಮೀನು ಜಾಸ್ತಿ ಕಚ್ಚುತ್ತಾ?"

"ಇಲ್ಲ. ಆದ್ರೆ ಕಳ್ಕೊಂಡಾಗ ಏನು ಕಳ್ಕೊಂಡೆ ಅಂತ ಹೇಳೋಕಾಗುತ್ತೆ."

ಆ ಮಾತು ಅವಳೊಳಗೆ ಎಲ್ಲೋ ಹೋಗಿ ಕೂತಿತು. *ಇವನೂ ಯಾರನ್ನೋ ಕಳ್ಕೊಂಡಿದ್ದಾನೆ...* ಯಾರನ್ನೆಂದು ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ತನ್ನದನ್ನೂ ಹೇಳಬೇಕಾಗುತ್ತಿತ್ತು.

ಅವಳದ್ದು ಅಂಗಡಿಯ ಹಿಂದಿನ ಅಡುಗೆಮನೆಯ ಗೋಡೆಯ ಮೇಲಿತ್ತು. ಅಪ್ಪ ಬಿಟ್ಟುಹೋದ ಬಿದಿರಿನ ಗಾಳದ ಕೋಲು. ಆ ದಿನ ಆರ್ವೊ ಹಿಡಿದುಕೊಂಡು ಹೋಗಿದ್ದು ಅದನ್ನೇ. ಆರ್ವೊ ಬರಲಿಲ್ಲ. ಕೋಲು ಮಾತ್ರ ಹೊಳೆ ಸರೋವರ ಸೇರುವಲ್ಲಿ ಪೊದೆಯೊಂದರಲ್ಲಿ ಒಂದು ಗೀರೂ ಇಲ್ಲದೆ ಸಿಕ್ಕಿತ್ತು. ಹಿತ್ತಿಲ ಬಾಗಿಲು ತೆಗೆದಾಗಲೆಲ್ಲ ಜೋತುಬಿದ್ದ ದಾರವನ್ನು ಸರೋವರದ ಗಾಳಿ ಜಗ್ಗುತ್ತಿತ್ತು. ಆಗ ದಾರ ಸುತ್ತಿದ ರೀಲು ಒಂದು ಹಲ್ಲು ತಿರುಗಿ 'ಟಿಕ್' ಎನ್ನುತ್ತಿತ್ತು. ಮುಮ್ಮು ಪ್ರತಿ ಸಲವೂ ತಲೆ ಎತ್ತದೆ, "ಬಂದ್ಯೇನೋ?" ಎನ್ನುತ್ತಿದ್ದರು.

ಮೂರನೇ ವಾರ ಮುಮ್ಮು ಎಮಿಲ್‌ನನ್ನು ಊಟಕ್ಕೆ ಕರೆದರು. ಅವನು ಅಡುಗೆಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಮುಮ್ಮು ಸೌದೆ ತರಲು ಹಿತ್ತಿಲಿಗೆ ಹೋದರು. ಬಾಗಿಲು ತೆರೆಯಿತು. ಟಿಕ್.

ಎಮಿಲ್ ತಲೆ ಎತ್ತಿ ಗೋಡೆ ನೋಡಿದ. ಚಮಚೆ ಅವನ ಕೈಯಿಂದ ಮೀನಿನ ಸಾರಿಗೆ ಬಿತ್ತು.

"ಆ ಕೋಲು..."

"ನನ್ನ ತಮ್ಮಂದು."

"ಗೊತ್ತು." ಅವನು ತಟ್ಟೆ ಸರಿಸಿ ಅವಳತ್ತ ತಿರುಗಿದ. "ನಿಮ್ಮದು ಅವನದೇ ಮುಖ, ಮೊದಲ ದಿನ ನೋಡಿದಾಗ್ಲೇ ಗೊತ್ತಾಯ್ತು. ಐಲಿ, ಅವತ್ತು ತಿರುವಿನ ಹತ್ರ ಇದ್ದೋನು ನಾನೇ."

ಯಾರೋ ಒಬ್ಬ ಪರವೂರಿನವನು ನೋಡಿದ್ದ, ನೋಡಿಯೂ ಸುಮ್ಮನಿದ್ದ ಎಂದಷ್ಟೇ ಪೊಲೀಸರು ಹೇಳಿದ್ದರು. ಆ ಮುಖವಿಲ್ಲದ ಮನುಷ್ಯನನ್ನು ಅವಳು ಐದು ವರ್ಷ ಶಪಿಸಿದ್ದಳು.

"ಅವನು ಮೇಲಿನಿಂದ ಬಂದ. ಎದೆಮಟ್ಟ ನೀರಲ್ಲಿ, ಜೋರಾಗಿ. ಕೋಲನ್ನ ತಲೆ ಮೇಲೆ ಎತ್ತಿ ಹಿಡಿದಿದ್ದ. ಕೋಲು ಬಾಗಿತ್ತು. ದೊಡ್ಡ ಮೀನು ಬಿದ್ದಿದೆ, ಅದರ ಹಿಂದೆ ಹೋಗ್ತಿದ್ದಾನೆ ಅಂದ್ಕೊಂಡೆ. ಕೆಳಗಿರೋರು ಏನು ಮಾಡ್ಬೇಕು ಹೇಳಿ? ನಮ್ಮ ದಾರ ಸುತ್ಕೊಂಡು, ದಡ ಹತ್ತಿ, ದಾರಿ ಬಿಡ್ಬೇಕು. ನಾನು ದಾರಿ ಬಿಟ್ಟೆ, ಐಲಿ. ಟೋಪಿ ಎತ್ತಿ ಶಹಬ್ಬಾಸ್ ಬೇರೆ ಅಂದೆ. ನೀರಲ್ಲೇ ನಿಂತಿದ್ರೆ ಅವನು ನನ್ನ ಕೈಗೆ ಸಿಗ್ತಿದ್ದ."

ಐಲಿಗೆ ಕೇಳಿಸಿದ್ದು ಒಂದೇ ಮಾತು. *ಕೋಲನ್ನ ತಲೆ ಮೇಲೆ ಎತ್ತಿ ಹಿಡಿದಿದ್ದ.*

"ಅದಕ್ಕೇ ಬಂದ್ರಾ?" ಎಂದಳು. "ಬಾಗಿಲು ರಿಪೇರಿ, ಕಾಫಿ, ನನ್ನ ಎದುರು ಕೂರೋದು... ಎಲ್ಲಾ ಪ್ರಾಯಶ್ಚಿತ್ತಾನಾ?"

"ಹೊಳೆಗೆ ಬರೋದು ಪ್ರಾಯಶ್ಚಿತ್ತಕ್ಕೇ. ಪ್ರತಿ ವರ್ಷ ಬರ್ತೀನಿ. ಈ ಮನೆಗೆ ಬಂದಿದ್ದು..."

"ಸಾಕು. ಹೋಗಿ."

ಅವನು ಹೋದ. ಹೋಗುವಾಗ ಬಾಗಿಲು ಸದ್ದೇ ಮಾಡಲಿಲ್ಲ. ಅವನೇ ಸರಿ ಮಾಡಿದ್ದ ಬಾಗಿಲು.

ಎರಡು ದಿನ ಅವಳು ಫ್ಲೈ ಕಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದವಳು ಇದ್ದಕ್ಕಿದ್ದಂತೆ ಬಾಯಿಬಿಟ್ಟಳು.

"ಮುಮ್ಮು, ಅವತ್ತು ಬೆಳಿಗ್ಗೆ ನಾನು ಆರ್ವೊಗೆ ಒಂದು ಮಾತು ಹೇಳಿದ್ದೆ. ಅಪ್ಪನ ಕೋಲಿಗೆ ಏನಾದ್ರೂ ಆದ್ರೆ ಮನೆಗೆ ಬರ್ಬೇಡ ಅಂತ. ಅವನು ಕೋಲು ಉಳಿಸೋಕೆ ಹೋಗಿ ಕೈ ಎತ್ತಿದ್ದ... ಬಂಡೆ ಹಿಡ್ಕೊಳ್ಳೋಕೆ ಕೈಯೇ ಇರ್ಲಿಲ್ಲ."

ಮುಮ್ಮು ಬ್ರೆಡ್ ಕೊಯ್ಯುವುದನ್ನು ನಿಲ್ಲಿಸಿದರು.

"ಐದು ವರ್ಷ ಇದನ್ನ ನುಂಗ್ಕೊಂಡಿದ್ದೀಯಾ?"

"ಹ್ಞೂಂ."

"ಎಮಿಲ್ ಇನ್ನೊಂದು ನುಂಗ್ಕೊಂಡಿದ್ದಾನೆ, ಅವತ್ತು ಸೌದೆ ಹಿಡ್ಕೊಂಡು ಬಾಗಿಲಲ್ಲೇ ನಿಂತು ಕೇಳಿಸ್ಕೊಂಡೆ. ಇಬ್ರೂ ಅಜೀರ್ಣದ ಮುಖ ಹೊತ್ಕೊಂಡು ನನ್ನ ಅಡುಗೆಮನೇಲಿ ಕೂತಿದ್ರಿ. ನನ್ನ ಸಾರು ಚೆನ್ನಾಗಿಲ್ವೇನೋ ಅಂದ್ಕೊಂಡಿದ್ದೆ." ಮುಮ್ಮುವಿನ ಕಣ್ಣು ಒದ್ದೆಯಾಗಿತ್ತು. "ಅವನ ಗಾಡಿ ಇನ್ನೂ ಸೇತುವೆ ಹತ್ರಾನೇ ಇದೆ. ಹೋಗು. ಗೋಡೆ ಮೇಲಿರೋದನ್ನೂ ತಗೊಂಡ್ಹೋಗು. ನನಗೂ ಅದರ ಜೊತೆ ಮಾತಾಡಿ ಸಾಕಾಗಿದೆ."

ಎಮಿಲ್ ತಿರುವಿನ ಬಂಡೆಯ ಮೇಲೆ ಕೂತಿದ್ದ. ಅವಳ ಕೈಯಲ್ಲಿದ್ದ ಕೋಲು ನೋಡಿ ಎದ್ದು ನಿಂತ.

ಅವಳು ಎಲ್ಲವನ್ನೂ ಹೇಳಿದಳು. ಆ ಬೆಳಗಿನ ಮಾತನ್ನು, ಒಂದಕ್ಷರ ಬಿಡದೆ.

"ಇಲ್ಲ," ಎಂದ ಅವನು ತಕ್ಷಣ. "ಮೀನು ಇತ್ತು ಐಲಿ. ನಿಜವಾಗ್ಲೂ ಇತ್ತು. ಅವನ ಮುಂದೆ ಎರಡು ಸಲ ನೆಗೀತು, ನಾನು ಕಣ್ಣಾರೆ ನೋಡಿದೀನಿ. ಅದಕ್ಕೇ ನಾನು ಮೋಸ ಹೋಗಿದ್ದು. ಅವನು ಕೋಲು ಎತ್ತಿದ್ದು ಮೀನಿಗೆ. ನಿಮ್ಮ ಮಾತಿಗಲ್ಲ."

ಐಲಿ ಬಂಡೆಯ ಮೇಲೆ ಕುಸಿದಳು. ಐದು ವರ್ಷದ ಅಳು ಒಮ್ಮೆಲೇ ಬಂತು. ಅವನು ಮುಟ್ಟಲಿಲ್ಲ, ಪಕ್ಕದಲ್ಲಿ ನಿಂತಿದ್ದ.

"ಅವನು ನಗ್ತಿದ್ನಾ, ಕೂಗ್ತಿದ್ನಾ?" ಎಂದು ಕೇಳಿದಳು ಕೊನೆಗೆ.

"ಗೊತ್ತಿಲ್ಲ. ನೀರಿನ ಸದ್ದು. ಅದೊಂದು ನನಗೆ ಯಾವತ್ತೂ ಗೊತ್ತಾಗಲ್ಲ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೇ ಅವಳಿಗೆ ಅವನ ಮೇಲೆ ನಂಬಿಕೆ ಬಂತು.

"ನಾನಾಗಿದ್ರೂ ದಾರಿ ಬಿಡ್ತಿದ್ದೆ," ಎಂದಳು ಮೂಗೊರೆಸಿಕೊಂಡು. "ಬಿಡದೇ ಇದ್ದಿದ್ರೆ ಆರ್ವೊನೇ ಬಾಯಿಗೆ ಬಂದಂಗೆ ಬಯ್ತಿದ್ದ."

ಅವಳು ಕಿತ್ತಳೆ ಬಣ್ಣದ ಫ್ಲೈಯನ್ನು ದಾರದ ತುದಿಗೆ ಕಟ್ಟಿ, ಮೊಟ್ಟೆಯಿದ್ದ ಜಲ್ಲಿಯನ್ನು ಸುತ್ತುಹಾಕಿ ಮೇಲಿನಿಂದ ನೀರಿಗಿಳಿದಳು. ಎಮಿಲ್ ತನ್ನ ಕೋಲು ಹಿಡಿದು ಅವಳ ಕೆಳಗೆ, ತಿರುವಿಗೆ ಮುಂಚೆ ನಿಂತ. ಮೂರನೆಯ ಎಸೆತವೋ ನಾಲ್ಕನೆಯದೋ, ದಾರ ನಿಂತಿತು... ಮರುಕ್ಷಣ ಬಿಗಿಯಿತು. ಐದು ವರ್ಷ ಬರೀ ಟಿಕ್ ಎಂದಿದ್ದ ರೀಲು ಒಂದೇ ಸಮನೆ ಕಿರುಚಿಕೊಂಡಿತು. ಬೆಳ್ಳಿಯಂಥ ಮೀನು ಒಮ್ಮೆ ನೆಗೆದು ಸರೋವರದತ್ತ ಓಡಿತು.

ಐಲಿ ಕೋಲನ್ನು ತಲೆಯ ಮೇಲೆತ್ತಿ ಅದರ ಹಿಂದೆ ಹೆಜ್ಜೆ ಹಾಕಿದಳು. ಕಾಲಡಿಯ ಕಲ್ಲು ಉರುಳಿತು. ನೀರು ಎದೆಗೆ ಬಂತು.

"ದಾರಿ, ಎಮಿಲ್... ದಾರಿ ಬಿಡಿ, ಮೀನು ಹೋಗ್ತಿದೆ."

ಅವನು ದಡ ಹತ್ತಲಿಲ್ಲ. ತನ್ನ ಕೋಲನ್ನು ನೀರಿಗೆ ಬಿಟ್ಟು ತೋಳು ಚಾಚಿದ. ಅವಳು ಬಂದು ಅವನ ಎದೆಗೆ ಢಿಕ್ಕಿ ಹೊಡೆದಳು. ದಾರ ತಟ್ಟನೆ ತುಂಡಾಯಿತು. ಎಲ್ಲೋ ಕೆಳಗೆ ಮೀನು ತನ್ನ ಪಾಡಿಗೆ ತಾನು ಹೋಯಿತು.

ಎತ್ತಿ ಹಿಡಿದಿದ್ದ ಅವಳ ಕೈ ಮೆಲ್ಲಗೆ ಕೆಳಗಿಳಿದು ಅವನ ಹೆಗಲ ಮೇಲೆ ನಿಂತಿತು.

"ಈ ಹೊಳೆಲಿ ಮರ್ಯಾದೆ ಅಂತ ಒಂದಿದೆ. ಗೊತ್ತಲ್ವಾ ನಿನಗೆ?"

'ನಿನಗೆ' ಎಂದದ್ದು ಇಬ್ಬರಿಗೂ ಕೇಳಿಸಿತು.

"ಗೊತ್ತು."

"ಮತ್ತೆ? ದಾರಿ ಬಿಡಲ್ವಾ?"

"ಇಲ್ಲ," ಎಂದ ಎಮಿಲ್, ಅವಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಬಿಡಲ್ಲ."