ಅಂಗಾಲಿನ ಕಪ್ಪು ಕಲೆ

ಡಾಕ್ಟರ್ ಸಿದ್ದಲಿಂಗೇಶ್ ನನ್ನ ಲ್ಯಾಪ್‌ಟಾಪನ್ನು ನೋಡಿದ್ದು ಚಹಾದಲ್ಲಿ ಬಿದ್ದ ನೊಣವನ್ನು ನೋಡುವ ಹಾಗೆ.

2006ರ ಬೇಸಿಗೆ, ಸಂಡೂರಿನಲ್ಲಿ ಚರ್ಮರೋಗ ಶಿಬಿರ. ಆತ ಹೊಸಪೇಟೆಯ ಚರ್ಮದ ಡಾಕ್ಟರು, ನಾನು ಎಂ.ಟೆಕ್. ವಿದ್ಯಾರ್ಥಿನಿ. ಕಲೆಗಳ ಫೋಟೊದಲ್ಲಿ ಬಣ್ಣಗಳನ್ನು ಬೇರ್ಪಡಿಸಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಅನುಮಾನವಿದ್ದರೆ ತಿಳಿಸುವ ಪ್ರೋಗ್ರಾಮ್ ನನ್ನದು.

“ಸುಮಂಗಲಾ ಮೇಡಂ, ಇಲ್ಲಿ ಎಲ್ಲಾರ ಮೈಮ್ಯಾಲೂ ಮೈನ್ಸ್ ಧೂಳು. ನಿಮ್ಮ ಕಂಪ್ಯೂಟರಿಗೆ ಊರಿಗೂರೇ ಕ್ಯಾನ್ಸರ್ ಕಾಣ್ತೈತಿ ಬಿಡ್ರಿ,” ಎಂದು ನಕ್ಕ. ನಗುವಾಗ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅಂಥ ಮನುಷ್ಯನಿಗೆ ಅಂಥ ಗುಳಿ ದಂಡ ಅನಿಸಿತು.

ಬಂಡ್ರಿಯ ವಿರುಪಮ್ಮ ಬಂದಳು, ಗಣಿಯಲ್ಲಿ ಅದಿರು ಒಡೆಯುವಾಕೆ. ಅಂಗಾಲಲ್ಲಿ ಕಪ್ಪು ಕಲೆ. ಆತ ಬಗ್ಗಿಯೂ ನೋಡದೆ, “ಆಣಿ,” ಎಂದು ಚೀಟಿ ಬರೆದ.

ನಾನು ಆಕೆಯ ಕಾಲಿಗೆ ಸೋಪು ಹಚ್ಚಿ, ಧೂಳು ಹೋಗುವಂತೆ ತೊಳೆದು ಫೋಟೊ ತೆಗೆದೆ. ಪರದೆಯ ಮೇಲೆ ಒಂದೇ ಕಲೆಯಲ್ಲಿ ಕಪ್ಪು, ಕಂದು, ಬೂದುನೀಲಿ ಬಣ್ಣಗಳು ಬೇರೆ ಬೇರೆಯಾಗಿ ಕಂಡವು.

“ಡಾಕ್ಟ್ರೇ, ಆಣಿಗೆ ಇಷ್ಟು ಬಣ್ಣ ಇರಂಗಿಲ್ಲ. ಬಯಾಪ್ಸಿ ಮಾಡ್ರಿ.”

“ಬಣ್ಣ ಎಣಿಸೋರು ರಂಗೋಲಿ ಹಾಕ್ರಿ. ಡಾಕ್ಟರಿಕಿ ನಮಗ ಬಿಡ್ರಿ.”

“ಮದ್ಲು ಕಣ್ಣು ಬಿಟ್ಟು ನೋಡೋದು ಕಲೀರಿ. ಆಕಿ ಕಾಲು ನೀವು ಮುಟ್ಟೇ ಇಲ್ಲ!”

ಆತನ ಮುಖ ಕೆಂಪಾಯಿತು. ನನ್ನ ಬಾಯಿ ಮುಚ್ಚಿಸಲೆಂದೇ ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದ.

ಮೂರು ವಾರದ ನಂತರ ಆತ ನನ್ನ ಕಾಲೇಜಿಗೆ ಬಂದ. ಕೈಯಲ್ಲಿ ರಿಪೋರ್ಟು. ಮೆಲನೋಮವೇ, ಶುರುವಿನ ಹಂತ.

“ತಪ್ಪಾತ್ರಿ.”

“ನನಗ್ಯಾಕ ಹೇಳ್ತೀರಿ? ಬಂಡ್ರಿಗೆ ಹೋಗಿ ಹೇಳ್ರಿ.”

“ಹೋಗಿದ್ದೆ. ಆಕಿ ಮನಿ ಕಟ್ಟಿಮ್ಯಾಲೆ ಕುಂತು ಹೇಳೀನಿ. ನಿನ್ನೆ ಆಪರೇಷನ್ ಆತು, ನಾನೂ ಜೊತಿಗಿದ್ದೆ. ಆರಾಮ ಆಕ್ಕಾಳ.”

ನಾನು ಸಿದ್ಧಮಾಡಿಟ್ಟುಕೊಂಡಿದ್ದ ಬೈಗುಳವೆಲ್ಲ ವ್ಯರ್ಥವಾಯಿತು. ಅದಕ್ಕೂ ಆತನ ಮೇಲೇ ಸಿಟ್ಟು ಬಂತು.

“ವಿರುಪಮ್ಮ ಏನಂದ್ಲು?”

“‘ಆ ಹುಡುಗಿ ಕಾಲು ತೊಳದ್ಲು, ನೀವು ಚೀಟಿ ಬರದ್ರಿ’ ಅಂದ್ಲು.” ಆತ ತಲೆ ತಗ್ಗಿಸಿದ. “ನೀವು ಬೈದಾಗಿಂದ ಬ್ಯಾರೆ ಏನೂ ತಲಿಗೆ ಹತ್ತವಲ್ದು, ಸುಮಂಗಲಾ. ನೀವಂದ್ರ ಭಾಳ ಇಷ್ಟ ಆಗೈತಿ.”

“ಭಾಳ ಸೊಕ್ಕು ನಿಮಗ.”

“ಐತಿ.”

“ಇಳಿಯಾಕ ವರ್ಷಗಟ್ಟಲೆ ಬೇಕು.”

“ಇಳಸ್ತೀರೇನ್ರಿ?”

ನಾನು ಬಾಯಿಬಿಟ್ಟು ಉತ್ತರ ಕೊಡುವಷ್ಟು ಯೋಗ್ಯತೆ ಆತನಿಗೆ ಇನ್ನೂ ಬಂದಿರಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ನನ್ನ ಪುಸ್ತಕಗಳನ್ನು ಎತ್ತಿ ಕೆಳಗಿಟ್ಟೆ.

“ಕುಂದ್ರಿ,” ಎಂದೆ.