ಎರಡೇಳ್ಲಿ ಹದಿನಾಲ್ಕು

“ರೆಂಡೇಳ್ಳು!” ಎನ್ನುತ್ತ ಕರಿಕೋಟಿನ ವಕೀಲರೊಬ್ಬರು ಕೋರ್ಟಿನ ಮೆಟ್ಟಿಲಿಳಿದು ಹೋದರು.

ಬೇವಿನ ಕಟ್ಟೆಯ ಮೇಲೆ ಕೂತಿದ್ದ ಲಾವಣ್ಯ ಕಿವಿ ನಿಮಿರಿಸಿದಳು. ತೆಲುಗು ಸೀಮೆಗೆ ಸೇರಿದ ನ್ಯಾಲ್ಕಲ್ ಕಡೆಯ ಹಳ್ಳಿಯಲ್ಲಿ ಕನ್ನಡ ಶಾಲೆಗೆ ಹೋಗುವ ಐದನೇ ಕ್ಲಾಸಿನ ಹುಡುಗಿ ಅವಳು. ಜಹೀರಾಬಾದಿನ ಬಜಾರಿನಲ್ಲಿ ಬಳೆ ಚೌಕಾಸಿ ಮಾಡುವಷ್ಟು ತೆಲುಗು ಬರುತ್ತಿತ್ತು, ಅಷ್ಟೆ. ರೆಂಡು ಅಂದರೆ ಎರಡು. ಏಳ್ಳು ಅಂದರೆ ನಮ್ಮ ಏಳೇ ಇರಬೇಕು. ಎರಡೇಳ್ಲಿ ಹದಿನಾಲ್ಕು! ಮಗ್ಗಿಯಲ್ಲಿ ಅವಳನ್ನು ಮೀರಿಸುವವರು ಯಾರಿದ್ದರು?

ಅವಳ ಅಜ್ಜ, ಮುತ್ಯಾ ಮೈಲಾರಿ, ಕುರಿ ಹೊಡೆದುಕೊಂಡು ರಸ್ತೆ ದಾಟುತ್ತಿದ್ದಾಗ, ಮುಂದಿನ ಗಾಡಿಯನ್ನು ಹಿಂದೆ ಹಾಕುವ ಹಟದಲ್ಲಿ ಊರಿನವನೇ ಆದ ಶಿವರಾಜ ತನ್ನ ಜೀಪನ್ನು ಎರ್ರಾಬಿರ್ರಿ ಓಡಿಸಿಕೊಂಡು ಬಂದಿದ್ದ. ಮುತ್ಯಾ ಅಲ್ಲೇ ತೀರಿಕೊಂಡ. ತಪ್ಪು ತನ್ನದೇ ಎಂದು ಶಿವರಾಜ ಒಪ್ಪಿಕೊಂಡಿದ್ದ. ಇಂದು ಶಿಕ್ಷೆ ಹೇಳುವ ದಿನ.

ಮುತ್ಯಾ ಹೋದಂದಿನಿಂದ ಲಾವಣ್ಯ ಕಣ್ಣು ಮುಚ್ಚಿದರೆ ಸಾಕು, ಅವನು ಮುಂದೆ ಮುಂದೆ ನಡೆಯುತ್ತಿದ್ದ. ಹೆಗಲ ಮೇಲೆ ಕಂಬಳಿ, ಸುತ್ತಲೂ ಹೊಗೆಯಂಥ ಧೂಳು, ಧೂಳಿನೊಳಗೆಲ್ಲೋ ಕುರಿಯ ಗಂಟೆಯ ಸದ್ದು. ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ.

“ಸಜಾ ಆಗ್ಲಿ ತಡಿ, ನಿಮ್ಮ ಮುತ್ಯಾನ ಜೀವ ತಣ್ಣಗ ಆಗತದ,” ಎಂದು ಅವಳ ಅಜ್ಜಿ, ಆಯಿ ಸುಭದ್ರಮ್ಮ, ಹೇಳಿದ್ದಳು. ಆಗಲಾದರೂ ಮುತ್ಯಾ ತಿರುಗಿ ನೋಡುತ್ತಾನೆ ಎಂದು ಲಾವಣ್ಯ ಕಾದಿದ್ದಳು.

ಕಟ್ಟೆಯ ಆ ತುದಿಯಲ್ಲಿ ಶಿವರಾಜನ ಮಗಳು ಭವಾನಿ ಕೂತಿದ್ದಳು. ಇಬ್ಬರದೂ ಒಂದೇ ಕ್ಲಾಸು, ಮೊದಲು ಒಂದೇ ಬೆಂಚು. ಈಗ ಮಾತುಕತೆ ಇಲ್ಲ.

“ನಿಮ್ಮಪ್ಪಗ ಹದಿನಾಲ್ಕು ವರ್ಷ ಜೈಲು,” ಎಂದಳು ಲಾವಣ್ಯ. ಹೇಳುವಾಗ ಅವಳಿಗೆ ಖುಷಿಯೇ ಆಯಿತು, ಸುಳ್ಳೇಕೆ?

ಭವಾನಿ ಅಳಲಿಲ್ಲ. ಬೆರಳು ಮಡಚಿ ಎಣಿಸಿದಳು.

“ಅಷ್ಟೊತ್ತಿಗೆ ನಾ ಭಾಳ ದೊಡ್ಡಾಕಿ ಆಗಿರ್ತೀನಿ. ಅಪ್ಪಗ ನನ್ನ ಗುರ್ತು ಸಿಗತದೇನ?”

ಲಾವಣ್ಯಳ ಖುಷಿ ಅಲ್ಲೇ ಇಂಗಿಹೋಯಿತು. ಕಾಲಿನಿಂದ ಮಣ್ಣು ಕೆದರಿದಳು.

ಅಷ್ಟರಲ್ಲಿ ಲಾವಣ್ಯಳ ಅಪ್ಪ ಈಶಪ್ಪ, ಆಯಿಯ ಕೈಹಿಡಿದು ಹೊರಗೆ ಬಂದು ದೂರದಿಂದಲೇ ಕರೆದ. “ನಡಿ ಲಾವಣ್ಯಾ, ಆಟೊ ನಿಂತದ.” ಲಾವಣ್ಯ ಎದ್ದು ಅವರ ಹತ್ತಿರ ಹೋದಳು.

“ಎರಡೇ ವರ್ಷ!” ಎಂದು ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎರಡೇಳ್ಲಿ ಹದಿನಾಲ್ಕು ಅಲ್ಲೇನಪ್ಪ? ವಕೀಲರು ಅಂದ್ರಲ್ಲ!”

“ಏಳ್ಳು ಅಂದ್ರ ತೆಲುಗಿನ್ಯಾಗ ವರ್ಷ, ಹುಚ್ಚಿ. ರೆಂಡೇಳ್ಳು ಅಂದ್ರ ಎರಡು ವರ್ಷ.”

ಮುತ್ಯಾನಂಥ ಮುತ್ಯಾನಿಗೆ ಬರೀ ಎರಡೇ? ಲಾವಣ್ಯ ದಪದಪ ಹೆಜ್ಜೆ ಹಾಕುತ್ತ ನಡೆದಳು. ಆಟೊದ ತನಕ ಹೋಗಿ ಹಿಂದೆ ನೋಡಿದಳು. ಭವಾನಿ ಇನ್ನೂ ಬೆರಳು ಮಡಚಿಕೊಂಡೇ ಕೂತಿದ್ದಳು. ಲಾವಣ್ಯ ಓಡುತ್ತ ವಾಪಸ್ ಬಂದಳು.

“ಏ, ನಾ ತಪ್ಪು ಕೇಳ್ಸಿಕೊಂಡೀನಿ. ಹದಿನಾಲ್ಕಲ್ಲ, ಎರಡು.”

“ಖರೇನಾ?”

“ಖರೇ! ನಮ್ಮ ಮುತ್ಯಾನ ಆಣಿ!”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಹಳೆಯ ರೂಢಿ. ಹೀಗೆ ಆಣೆ ಮಾಡಿದಾಗಲೆಲ್ಲ ಮುತ್ಯಾ, “ಸುಳ್ಳು ಹೇಳಿ ನನ್ನ ಆಯುಷ್ಯ ಕಮ್ಮಿ ಮಾಡಬ್ಯಾಡವ್ವ,” ಎಂದು ನಗುತ್ತಿದ್ದ. ಬದುಕಿರುವವರ ಮೇಲೆ ಇಡುವ ಆಣೆ ಅದು.

ಬೇವಿನ ಎಲೆಗಳು ಉದುರುತ್ತಿದ್ದವು.

“ನಿಮ್ಮ ಮುತ್ಯಾ ನನಗೂ ಬಾರಿಹಣ್ಣ ಕೊಡ್ತಿದ್ದ,” ಎಂದಳು ಭವಾನಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಆಗ ಅವಳಿಗೆ ಅಳು ಬಂತು. ಲಾವಣ್ಯಳಿಗೂ ಬಂತು.

ಊರ ದಾರಿಯಲ್ಲಿ ಆಟೊ ಗಕ್ಕನೆ ನಿಂತಿತು. ಯಾರದೋ ಕುರಿಹಿಂಡು ರಸ್ತೆ ದಾಟುತ್ತಿತ್ತು. ಸಂಜೆಯ ಬಿಸಿಲಿಗೆ ಧೂಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿತ್ತು. ಲಾವಣ್ಯ ಕಣ್ಣು ಮುಚ್ಚಿದಳು. ಮುತ್ಯಾ ಮುಂದೆ ಮುಂದೆ ಹೋಗುತ್ತಿದ್ದ. ಎರಡು ಅಂದಳು. ತಿರುಗಲಿಲ್ಲ. ಹದಿನಾಲ್ಕು ಅಂದಳು. ತಿರುಗಲಿಲ್ಲ. ಇನ್ನವಳು ಎಣಿಸಲಿಲ್ಲ, ಕೂಗಲೂ ಇಲ್ಲ.

ಆಟೊದವನು ಬೇಸರದಿಂದ ಹಾರ್ನಿಗೆ ಕೈಹಾಕಿದ.

“ಹೊಡೀಬ್ಯಾಡ್ರಿ ಅಣ್ಣಾ,” ಎಂದಳು ಲಾವಣ್ಯ ಕಣ್ಣು ತೆರೆದು. “ನಿಧಾನ ಹೋಗ್ಲಿ ಅವು.”

ಕೊನೆಯ ಮರಿ ದಾಟುವ ತನಕ ಆಟೊ ನಿಂತೇ ಇತ್ತು.